ಮಾವನ ಹಲ್ಲಿನ ಸೆಟ್

ಭಾವನಿಗೆ ಒಂದೇ ಒಂದು ಇಂಗ್ಲಿಷ್ ಪದ ಸಾಕಾಗಿತ್ತು. ಆ ಒಂದು ಪದವನ್ನಿಟ್ಟುಕೊಂಡು ಅವನು ಸಂಸಾರ ನಡೆಸಿದ್ದ, ವ್ಯಾಪಾರ ಮಾಡಿದ್ದ, ನಾಲ್ಕು ಜನರ ಮುಂದೆ ದೊಡ್ಡ ಮನುಷ್ಯ ಅನ್ನಿಸಿಕೊಂಡಿದ್ದ. ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತೇ, ಸೆಟ್ ಆಯ್ತು. ಗಿರಾಕಿ ಜಗಳಕ್ಕೆ ನಿಂತನೇ, ಪಕ್ಕಕ್ಕೆ ಕರೆದು ಸೆಟ್ ಮಾಡಿ ಕಳಿಸು. ಹೆಂಡತಿ ತಂದ ಪರದೆ ಗೋಡೆಯ ಬಣ್ಣಕ್ಕೆ ಸೆಟ್ ಆಗಲ್ಲ, ತಮ್ಮನ ಸ್ವಭಾವ ತನಗೆ ಸೆಟ್ ಆಗಲ್ಲ, ಊಟ ಹೆಚ್ಚಾದರೆ ಒಂದು ಸೋಡಾ ಕುಡಿದರೆ ಹೊಟ್ಟೆ ಸೆಟ್. ಆಫೀಸಿನಲ್ಲಿ ಯಾರದೋ ಕೈ ಬೆಚ್ಚಗೆ ಮಾಡಿ ಲೈಸೆನ್ಸು ತಂದ ದಿನವಂತೂ ಮನೆಯ ಮಧ್ಯೆ ನಿಂತು ಎರಡೂ ಅಂಗೈ ಉಜ್ಜಿಕೊಂಡು "ಎಲ್ಲಾ ಸೆಟ್" ಅಂದಿದ್ದ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮನೆಯ ಚಿಕ್ಕ ಸೊಸೆಗೆ, ಅವನ ತಮ್ಮನ ಹೆಂಡತಿಗೆ, ಬಾಯಿಗಿಟ್ಟ ತುತ್ತಿನಲ್ಲಿ ಕೂದಲು ಸಿಕ್ಕಿದಂತಾಗುತ್ತಿತ್ತು.

ಅವಳ ಕೆಲಸದಲ್ಲೂ ಆ ಪದವಿತ್ತು. ಆದರೆ ಅಲ್ಲಿ ಅದಕ್ಕೊಂದು ಮಾನ ಮರ್ಯಾದೆಯಿತ್ತು. ಅವಳು ಹಲ್ಲಿನ ಲ್ಯಾಬಿನವಳು. ಕೆಳಗೆ ಡಾಕ್ಟರಮ್ಮನ ಕ್ಲಿನಿಕ್ಕು, ಮೇಲೆ ಲ್ಯಾಬು. ಕೆಳಗಿನಿಂದ ಜನರ ಬಾಯಿಯ ಅಚ್ಚು ಮೇಲೆ ಬರುತ್ತದೆ. ಅವಳು ಅದರೊಳಗೆ ಪ್ಲಾಸ್ಟರ್ ಹುಯ್ದು, ಅದು ಸೆಟ್ ಆಗುವ ತನಕ ಕಾಯುತ್ತಾಳೆ. ಪ್ಲಾಸ್ಟರಿನ ಹತ್ತಿರ ಯಾರ ಶಿಫಾರಸೂ ನಡೆಯುವುದಿಲ್ಲ. ಅವಸರಪಟ್ಟು ತೆಗೆದರೆ ಮುರಿಯುತ್ತದೆ, ಅಷ್ಟೆ. ಆಮೇಲೆ ಮೇಣದಲ್ಲಿ ಒಸಡು, ಆ ಮೇಣದೊಳಗೆ ಒಂದೊಂದೇ ಹಲ್ಲು, ಕೊನೆಗೆ ಮೇಣದ ಜಾಗಕ್ಕೆ ಗುಲಾಬಿ ಬಣ್ಣದ ಗಟ್ಟಿ ಪ್ಲಾಸ್ಟಿಕ್ಕು. ಮೇಲಿನದೂ ಕೆಳಗಿನದೂ ಸೇರಿದರೆ ಒಂದು ಸೆಟ್. ಕಂಡು ಕೇಳರಿಯದವರ ಬಾಯಿಯ ಅಚ್ಚು ಮುಟ್ಟಿ ಮುಟ್ಟಿ ಅವಳಿಗೆ ಎಂಜಲಿನ ಅಸಹ್ಯ ಎಂದೋ ಹೊರಟುಹೋಗಿತ್ತು. ಅಸಹ್ಯ ಅನ್ನುವುದು ಉಳಿದಿದ್ದರೆ ಅದು ಮನೆಯಲ್ಲಿತ್ತು.

ಮನೆಯವರದ್ದು ಮೈಕ್ ಸೆಟ್ಟು, ಕುರ್ಚಿ ಬಾಡಿಗೆಗೆ ಕೊಡುವ ವ್ಯಾಪಾರ. ಶುರು ಮಾಡಿದವನು ಮಾವ. ಎದುರಿಗಿದ್ದಾಗ ಚಿಕ್ಕ ಸೊಸೆ ಅವನಿಗೆ ಬಹುವಚನ ಕೊಡುತ್ತಿದ್ದಳು, ಮನಸ್ಸಿನಲ್ಲಿ ಒಂದು ದಿನವೂ ಕೊಟ್ಟವಳಲ್ಲ. ಊರಿನ ಸಭೆಗಳೆಲ್ಲ ಅವನ ಮೈಕಿನಲ್ಲೇ ನಡೆಯುತ್ತಿದ್ದವು. ಕೊನೆಗೆ ವ್ಯಾಪಾರಿಗಳ ಸಂಘದ ಅಧ್ಯಕ್ಷನೂ ಆಗಿ, ಹೋದ ತಿಂಗಳು ನಿದ್ದೆಯಲ್ಲೇ ಹೋದ. ನೋಡಲು ಬಂದವರೆಲ್ಲ ಪುಣ್ಯಾತ್ಮ ಅಂದರು. ಮನೆಯೊಳಗೆ ಅವನು ಎಂಥವನು ಅನ್ನುವುದು ಮನೆಯವರಿಗೆ ಗೊತ್ತಿತ್ತು.

ಅತ್ತೆ ಇನ್ನೂ ಸಣ್ಣ ವಯಸ್ಸಿನವರಿದ್ದಾಗ ನಡೆದದ್ದು. ಮಾವ ಆಂಪ್ಲಿಫೈಯರ್ ಬಿಚ್ಚಿ ಹರಡಿಕೊಂಡು ಕೂತಿದ್ದ. ಅತ್ತೆ ತಂದ ನೀರಿನ ಲೋಟ ಕೈಜಾರಿ ಅದರ ಮೇಲೆ ಉರುಳಿತು. ಅವನ ಕೈಯಲ್ಲಿ ಸ್ಪ್ಯಾನರ್ ಇತ್ತು, ಅದರಿಂದಲೇ ಬಾಯಿಗೆ ಹೊಡೆದ. ಮುಂದಿನ ಹಲ್ಲುಗಳು ಅಲ್ಲೇ ನೆಲಕ್ಕೆ ಬಿದ್ದವು; ಉಳಿದವು ಔಷಧಿ ಕಾಣದೆ ಒಂದೊಂದಾಗಿ ಹೋದವು. ಬಚ್ಚಲಲ್ಲಿ ಜಾರಿ ಬಿದ್ದರು ಅನ್ನುವುದು ಹೊರಗಿನವರಿಗೆ ಅಂತ ಕಟ್ಟಿದ ಮಾತು. ಭಾವ ಆಗ ಮೀಸೆ ಚಿಗುರುತ್ತಿದ್ದ ಹುಡುಗ, ಬಾಗಿಲಲ್ಲೇ ನಿಂತು ನೋಡಿದ್ದ. ಚಿಕ್ಕ ಸೊಸೆಯ ಗಂಡ ಇನ್ನೂ ಪುಟ್ಟವನು, ಅಮ್ಮನ ಬೆನ್ನ ಹಿಂದೆಯೇ ಇದ್ದ. ಮದುವೆಯಾದ ಹೊಸದರಲ್ಲಿ ಅವನೇ ಇದನ್ನು ಹೆಂಡತಿಗೆ ಹೇಳಿದ್ದು. ಯಾರ ಹತ್ತಿರವೂ ಬಾಯಿ ಬಿಡಬೇಡ ಅಂತಲೂ ಅವನೇ ಹೇಳಿದ್ದ.

ಅತ್ತೆಗೆ ಹಲ್ಲು ಕಟ್ಟಿಸುವ ಮಾತು ಬಂದಾಗಲೆಲ್ಲ ಮಾವ "ಅವಳಿಗ್ಯಾಕೆ, ಅವಳೇನು ಭಾಷಣ ಮಾಡ್ಬೇಕಾ?" ಅಂತ ನಗುತ್ತಿದ್ದ. ಮನೆಗೆ ಟೀವಿ ಸೆಟ್ ಬಂತು, ಸೋಫಾ ಸೆಟ್ ಬಂತು, ಯಾರೂ ಮುಟ್ಟದ ಗಾಜಿನ ಲೋಟಗಳ ಸೆಟ್ ಬಂತು. ಹಲ್ಲಿನ ಸೆಟ್ಟೂ ಬಂತು, ಆದರೆ ಮಾವನಿಗೆ. ಮಾಡಿಕೊಟ್ಟವಳು ಚಿಕ್ಕ ಸೊಸೆಯೇ. ನಿಮಗೂ ಒಂದು ಮಾಡ್ತೀನಿ ಅತ್ತೆ ಅಂತ ಅವಳು ಎಷ್ಟು ಸಲ ಅಂದರೂ, ಬೇಡ ಕಣೆ, ಮನೇಲಿ ರಾದ್ಧಾಂತ ಬೇಡ ಅಂತ ಅತ್ತೆ ಕೈ ಮುಗಿಯುತ್ತಿದ್ದರು. ಹಾಲಲ್ಲಿ ಅದ್ದಿದ ಬ್ರೆಡ್ಡು, ಕಿವುಚಿದ ಆಲೂಗಡ್ಡೆ ತಿಂದುಕೊಂಡು, ಮಾತಾಡುವಾಗ ಬಾಯಿಗೆ ಅಂಗೈ ಅಡ್ಡ ಹಿಡಿದುಕೊಂಡು ಅವರು ಅಷ್ಟು ವರ್ಷ ಕಳೆದರು.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಎಲ್ಲರೂ ಸೋಫಾದಲ್ಲಿ ಕೂತಿದ್ದಾಗ, ಭಾವ ಒಂದು ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಬಂದ. ಮುಖದಲ್ಲಿ ಕಳೆ ಇತ್ತು. ಅಪ್ಪನಿಂದ ಖಾಲಿಯಾದ ಅಧ್ಯಕ್ಷನ ಕುರ್ಚಿಯ ಮೇಲೆ ಅವನ ಕಣ್ಣು ನೆಟ್ಟಿತ್ತು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯವೇ.

"ಬರೋ ಭಾನುವಾರ ಸಂಘದ ಹಾಲ್‌ನಲ್ಲಿ ಅಪ್ಪನ ನೆನಪಿನ ಸಭೆ," ಅಂದ. "ಹಾಲ್ ಸೆಟ್ ಮಾಡಿದ್ದೀನಿ, ಮೈಕ್ ಸೆಟ್ ನಮ್ದೇ, ಮಾತಾಡೋರೂ ಸೆಟ್. ಕೊನೇಲಿ ಅಮ್ಮ ಸ್ಟೇಜ್ ಮೇಲೆ ಎರಡು ಮಾತಾಡ್ಬೇಕು. ಜನಕ್ಕೆ ಅದೇ ಬೇಕಾಗಿರೋದು."

"ಅತ್ತೆ ಮಾತಾಡಿದ್ರೆ ಯಾರಿಗ್ರೀ ಅರ್ಥ ಆಗುತ್ತೆ?" ಅಂದಳು ಓರಗಿತ್ತಿ. ಹೇಳಿಕೇಳಿ ಭಾವನ ಹೆಂಡತಿ. ಅವಳು ಕೇಳುವ ಪ್ರಶ್ನೆಯೆಲ್ಲ ಗಂಡನ ಉತ್ತರಕ್ಕೆ ದಾರಿ ಮಾಡಿಕೊಡುವಂಥದ್ದೇ. "ಬರೀ ಗಾಳಿ ಬರುತ್ತೆ."

"ಅದಕ್ಕೇ ತಾನೆ ಇದನ್ನ ತಂದಿದ್ದು!"

ಅವನು ಕವರನ್ನು ಟೀಪಾಯಿಯ ಮೇಲೆ ಬಗ್ಗಿಸಿದ. ಒಳಗಿಂದ ಉರುಳಿದ್ದು ಮಾವನ ಹಲ್ಲು. ಮಾವ ಸತ್ತ ದಿನದಿಂದ ಬಾತ್‌ರೂಮಿನ ಗಾಜಿನ ಲೋಟದಲ್ಲಿ ಹಾಗೇ ಬಿದ್ದಿತ್ತು. ನೀರು ಒಣಗಿ ಬಿಳಿಯ ಪೊರೆ ಕಟ್ಟಿತ್ತು. ದವಡೆಹಲ್ಲಿನ ಸಂದಿಯಲ್ಲಿ ಕೊನೆಯ ಊಟದ್ದೋ ಏನೋ, ಕಪ್ಪಗೆ ಎಂಥದೋ ಅಂಟಿಕೊಂಡಿತ್ತು. ವಾಸನೆ ಸೋಫಾದ ತನಕ ಬಂತು.

"ನೋಡಮ್ಮ," ಅಂದ ಭಾವ, ಚಿಕ್ಕ ಸೊಸೆಯ ಕಡೆ ತಿರುಗಿ. "ಅಪ್ಪನ ಸೆಟ್ ಗಟ್ಟಿಮುಟ್ಟಾಗಿದೆ. ಸ್ವಲ್ಪ ಉಜ್ಜಿ ಗಿಜ್ಜಿ ಅಮ್ಮನ ಬಾಯಿಗೆ ಸೆಟ್ ಮಾಡಿಬಿಡು. ನಿನ್ನ ಕೆಲಸಾನೇ ಅಲ್ವಾ ಅದು?"

ತಾನು ಕೇಳಿದ್ದು ಸರಿಯೇ ಅಂತ ಅವಳಿಗೆ ಒಂದು ಕ್ಷಣ ಅನುಮಾನವಾಯಿತು. "ಯಾರದ್ದು ಯಾರಿಗೆ ಭಾವ?"

"ಅಪ್ಪಂದು ಅಮ್ಮಂಗೆ. ಹೊರಗಿನವ್ರದ್ದೇನಲ್ವಲ್ಲ."

"ಒಬ್ಬರ ಬಾಯಿಗೆ ಮಾಡಿದ್ದು ಇನ್ನೊಬ್ಬರಿಗೆ ಆಗಲ್ಲ. ಅದೂ ಹೋದವರ ಬಾಯಿಂದ ತೆಗೆದಿದ್ದು. ಕೇಳೋಕೇ ಹೊಟ್ಟೆ ತೊಳಸುತ್ತೆ."

"ತೊಳಸೋದೇನಿದೆ? ಅಪ್ಪನ ವಾಚ್ ನಾನು ಕಟ್ಕೊಂಡಿಲ್ವಾ?" ಅವನು ಮಣಿಕಟ್ಟು ಮುಂದೆ ಹಿಡಿದು ತೋರಿಸಿದ.

"ಅತ್ತೆಗೆ ನಾನೇ ಹೊಸದು ಮಾಡ್ಕೊಡ್ತೀನಿ. ನಿಮ್ಮ ಹತ್ರ ಏನೂ ಕೇಳಲ್ಲ."

"ಹೊಸದು ಯಾರಿಗ್ ಬೇಕಮ್ಮ? ಅದ್ರಲ್ಲಿ ಸೆಂಟಿಮೆಂಟ್ ಎಲ್ಲಿದೆ?" ಭಾವ ಸೋಫಾದ ಅಂಚಿಗೆ ಸರಿದು ಕೂತ. ಹೇಳುವಾಗ ಅವನ ದನಿ ಈಗಲೇ ಸ್ಟೇಜಿನ ಮೇಲಿದ್ದಂತೆ ಗದ್ಗದವಾಯಿತು. "ನಾನು ಮೈಕಲ್ಲಿ ಹೇಳ್ತೀನಿ, ಅಪ್ಪನ ಹಲ್ಲು ಇವತ್ತು ಅಮ್ಮನ ಬಾಯಲ್ಲಿದೆ, ಅವರಿಬ್ರೂ ಬೇರೆ ಆಗೇ ಇಲ್ಲ ಅಂತ. ಹಾಲ್‌ಗೆ ಹಾಲೇ ಅಳುತ್ತೆ ನೋಡ್ತಿರು."

ಚಿಕ್ಕ ಸೊಸೆ ಗಂಡನ ಮುಖ ನೋಡಿದಳು. ಅವನು ಟೀವಿ ರಿಮೋಟಿನ ಹಿಂದಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದ. "ಅಣ್ಣ ಅಷ್ಟು ಹೇಳ್ತಿದ್ದಾನಲ್ಲ," ಅಂದ, ತಲೆ ಎತ್ತದೆ. "ಹೇಗೋ ಸೆಟ್ ಮಾಡೇ." ಆ ಪದ ಅಣ್ಣನ ಬಾಯಿಂದ ತಮ್ಮನ ಬಾಯಿಗೂ ದಾಟಿಕೊಂಡಿತ್ತು. ಅಮ್ಮನ ಹಲ್ಲು ಉದುರಿದ ಕಥೆ ಹೇಳುತ್ತ ಅತ್ತಿದ್ದವನು ಇವನೇನಾ ಅಂತ ಅವಳಿಗೆ ಮೈಯೆಲ್ಲ ಉರಿಯಿತು.

ಅತ್ತೆ ಮೂಲೆಯ ಕುರ್ಚಿಯಲ್ಲಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ. ಭಾವನಿಗೂ ಆಗ ನೆನಪಾಗಿರಬೇಕು, ಬಗ್ಗಿ ಜೋರಾಗಿ, ಕಿವುಡರ ಹತ್ತಿರ ಮಾತಾಡುವಂತೆ ಕೇಳಿದ: "ಏನಮ್ಮ, ಆಗುತ್ತಲ್ಲ?" ಅವರ ಕಿವಿಗೆ ಯಾವ ತೊಂದರೆಯೂ ಇರಲಿಲ್ಲ. ಅವರು ಟೀಪಾಯಿಯ ಮೇಲಿದ್ದದ್ದನ್ನು ನೋಡಿದರು, ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡು ಹೂಂ ಅನ್ನುವಂತೆ ತಲೆಯಾಡಿಸಿದರು, ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಚ್ಚಲಿಂದ ವಾಂತಿಯ ಸದ್ದು ಕೇಳಿಸಿತು. ಓರಗಿತ್ತಿ ಟೀವಿ ಜೋರು ಮಾಡಿದಳು.

ಚಿಕ್ಕ ಸೊಸೆ ಹೋಗಿ ನೋಡಿದರೆ ಅತ್ತೆ ನಲ್ಲಿ ಹಿಡಿದುಕೊಂಡು ನಿಂತಿದ್ದರು. ಅವಳು ಬೆನ್ನು ಸವರಿದಳು. ಅತ್ತೆಯ ಮಾತಿನಲ್ಲಿ ಅರ್ಧ ಗಾಳಿಯೇ ಹೋಗುತ್ತಿತ್ತು, ಆದರೆ ಅವಳಿಗೆ ಎಲ್ಲ ಅರ್ಥವಾಗುತ್ತಿತ್ತು.

"ಆ ಮನುಷ್ಯನ ಬಾಯೀನ ನನ್ನ ಬಾಯೊಳಗೆ ಇಡ್ತಾರಂತೆ ಕಣೆ," ಅಂದರು. "ಸತ್ತ ಮೇಲಾದ್ರೂ ಬಿಟ್ಟು ಹೋಗ್ಬಾರ್ದಾ?"

"ನೀವ್ಯಾಕೆ ಹೂಂ ಅಂದ್ರಿ ಅತ್ತೆ?"

"ಅನ್ನದೆ? ಇನ್ನು ಇರೋದು ಇವ್ನ ಮನೇಲಿ ತಾನೆ."

ಮನೆಯಲ್ಲಿ ತನ್ನ ಗಂಡನ ಪಾಲೂ ಇದೆ ಅನ್ನಬೇಕೆಂದುಕೊಂಡವಳು, ಗಂಡನನ್ನು ನೆನೆಸಿಕೊಂಡು ಆ ಮಾತು ಬಿಟ್ಟಳು. "ಕೇಳಿ ಅತ್ತೆ, ನಾಳೆ ನನ್ನ ಜೊತೆ ಕ್ಲಿನಿಕ್ಕಿಗೆ ಬನ್ನಿ. ಆ ಕೊಳಕನ್ನ ನಿಮ್ಮ ಬಾಯಿಗೆ ಇಡೋಳಲ್ಲ ನಾನು. ನಿಮ್ಮ ಬಾಯಿಯ ಅಳತೆಗೆ ಹೊಸದು ಮಾಡ್ತೀನಿ. ಭಾವನಿಗೆ ಹಳೇದೇ ಅಂತ ಹೇಳಿದ್ರಾಯ್ತು. ಅವರಿಗೇನು ಗೊತ್ತಾಗುತ್ತೆ, ಹಲ್ಲೆಲ್ಲ ಒಂದೇ ಥರ ಕಾಣುತ್ತೆ."

"ನಿಜವಾಗ್ಲೂ ಹೊಸದಾ?"

"ನಿಮ್ಮಾಣೆ. ನಿಮ್ಮ ಕಣ್ಣೆದುರಿಗೇ ಮಾಡ್ತೀನಿ, ನೋಡುವಿರಂತೆ."

ಮರುದಿನ ಅತ್ತೆ ಬಂದರು. ಲ್ಯಾಬಿಗೆ ಹತ್ತಿದ್ದೇ ಮೊದಲ ಕೆಲಸವಾಗಿ ಚಿಕ್ಕ ಸೊಸೆ ಆ ಕವರ್ ತೆಗೆದಳು. ದಿನವಿಡೀ ಪರರ ಬಾಯಿಯ ಅಚ್ಚು ತೊಳೆಯುವವಳಿಗೆ, ಕೈಗೆ ಗ್ಲೌಸ್ ಹಾಕಿಕೊಂಡೂ ಅದನ್ನು ಮುಟ್ಟಲು ಆಗಲಿಲ್ಲ. ಕವರನ್ನೇ ಮಗುಚಿ, ಒಡೆದ ಅಚ್ಚುಗಳನ್ನು ಎಸೆಯುವ ಬಕೆಟ್ಟಿಗೆ ಬೀಳಿಸಿ, ಮೇಲೆ ಬೋಗುಣಿಯಲ್ಲಿ ಮಿಕ್ಕಿದ್ದ ಹಸಿ ಪ್ಲಾಸ್ಟರನ್ನು ಹುಯ್ದಳು. ಬಕೆಟ್ ಬೆಚ್ಚಗಾಗುತ್ತ ಬಂತು, ಆಮೇಲೆ ಗಟ್ಟಿಯಾಯಿತು. ಅತ್ತೆ ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದರು.

"ಆಯ್ತಾ?" ಅಂದರು.

"ಆಯ್ತು. ಇನ್ನು ಅದನ್ನ ಸುತ್ತಿಗೆ ತಗೊಂಡೇ ಒಡೀಬೇಕು."

ಡಾಕ್ಟರಮ್ಮನಿಗೆ ವಿಷಯ ಹೇಳಿದಾಗ ಮೊದಲು ನಕ್ಕುಬಿಟ್ಟರು, ಆಮೇಲೆ ಇದು ತಮಾಷೆಯಲ್ಲ ಅಂತ ಗೊತ್ತಾಗಿ ಮುಖ ಹುಳ್ಳಗೆ ಮಾಡಿಕೊಂಡರು. "ನನ್ನ ಸರ್ವಿಸಲ್ಲೇ ಇಂಥದ್ದು ಕೇಳಿರ್ಲಿಲ್ಲಮ್ಮ," ಅಂತ ಹೇಳಿ, ಬೇರೆ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು ಅತ್ತೆಯ ಬಾಯಿಯ ಅಚ್ಚು ತೆಗೆದರು. ಆ ವಾರ ಚಿಕ್ಕ ಸೊಸೆ ಯಾರ ಕೆಲಸಕ್ಕೂ ಕೈ ಹಾಕಲಿಲ್ಲ. ಅತ್ತೆಯ ವಯಸ್ಸಿಗೆ ಒಪ್ಪುವ, ತೀರಾ ಬೆಳ್ಳಗಲ್ಲದ ಹಲ್ಲು ಆರಿಸಿದಳು. ಸಾಲು ತೀರಾ ನೇರವಾಗಿದ್ದರೆ ಅಂಗಡಿಯ ಗೊಂಬೆಯಂತೆ ಕಾಣುತ್ತದೆ ಅಂತ ಒಂದನ್ನು ಬೇಕೆಂದೇ ಚೂರು ಓರೆ ಕೂರಿಸಿದಳು.

ಮೇಣದಲ್ಲಿ ಕೂರಿಸಿದ ಹಲ್ಲನ್ನು ಬಾಯಿಗಿಟ್ಟು ನೋಡುವ ದಿನ, ಡಾಕ್ಟರಮ್ಮ ಮಾತಾಡಿಸಿ ಪರೀಕ್ಷೆ ಮಾಡುತ್ತಾರೆ. ಹಲ್ಲು ಇರುವ ಜಾಗ ಸರಿಯಿಲ್ಲದಿದ್ದರೆ ಮಾತಿನಲ್ಲಿ ಸಿಳ್ಳೆ ಬರುತ್ತದೆ.

"ಅಮ್ಮ, ಸಂಜೆ ಅನ್ನಿ."

ಅತ್ತೆಯ ಅಂಗೈ ತಾನಾಗಿ ಬಾಯಿಗೆ ಹೋಯಿತು. ಡಾಕ್ಟರಮ್ಮ ಆ ಕೈಯನ್ನು ಮೆಲ್ಲಗೆ ಹಿಡಿದು ಮಡಿಲಲ್ಲಿಟ್ಟರು. ಅತ್ತೆ ಅಂದರು, ಸಿಳ್ಳೆ ಬಂತು. ಚಿಕ್ಕ ಸೊಸೆ ಬಿಸಿ ಮಾಡಿದ ಚಾಕುವಿನಿಂದ ಮೇಣ ಕರಗಿಸಿ ಮುಂದಿನ ಹಲ್ಲನ್ನು ಕೂದಲೆಳೆಯಷ್ಟು ಸರಿಸಿದಳು. ಮತ್ತೆ ಅಂದರು. ಮತ್ತೆ ಸರಿಸಿದಳು. ಮಧ್ಯಾಹ್ನದ ಹೊತ್ತಿಗೆ ಅತ್ತೆಯ ಬಾಯಿಂದ "ಸಂಜೆ" ಅನ್ನುವ ಮಾತು ಇಡಿಯಾಗಿ, ಎಲ್ಲೂ ಸೋರದೆ ಹೊರಬಂತು. ಅವರು ಬೆಚ್ಚಿ ಸುತ್ತ ನೋಡಿದರು, ಬೇರೆ ಯಾರೋ ಮಾತಾಡಿದರೇನೋ ಅನ್ನುವಂತೆ. ಆಮೇಲೆ ಕೇಳದಿದ್ದರೂ ತಾವೇ ಶುರು ಮಾಡಿದರು: ಸಕ್ಕರೆ, ಸೋಪು, ಫೋನು, ಶನಿವಾರ, ಚಪ್ಪಲಿ. ಡಾಕ್ಟರಮ್ಮ ಸಾಕಮ್ಮ ಅಂದರೂ ನಿಲ್ಲಿಸಲಿಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ಚಪ್ಪಲಿ ಚಪ್ಪಲಿ ಅನ್ನುತ್ತಿತ್ತು.

ಸಭೆ ಹತ್ತಿರ ಬರುವಷ್ಟರಲ್ಲಿ ಸೆಟ್ ತಯಾರಾಗಿ ಅತ್ತೆಯ ಬಾಯಿಯಲ್ಲಿ ಕೂತಿತು. ಮನೆಗೆ ಬಂದ ಅತ್ತೆ ಸೊಸೆಯನ್ನು ಭಾವ ಬಾಗಿಲಲ್ಲೇ ತಡೆದು, "ಎಲ್ಲಿ, ನಗಮ್ಮ ನೋಡೋಣ," ಅಂದ. ಅತ್ತೆ ನಕ್ಕರು.

"ನೋಡಿದ್ರಾ! ಅಪ್ಪನ ನಗೂನೇ! ನಾನು ಹೇಳಿರ್ಲಿಲ್ವಾ ಸೆಟ್ ಆಗುತ್ತೆ ಅಂತ?"

"ಅಯ್ಯೋ, ಮಾವನೇ ಎದುರಿಗೆ ಬಂದು ನಕ್ಕಂಗಾ‌ಯ್ತು," ಅಂತ ಓರಗಿತ್ತಿ ಕಣ್ಣು ಒರೆಸಿಕೊಂಡಳು.

ಪ್ಲಾಸ್ಟರಿನೊಳಗೆ ಹೂತುಹೋದದ್ದನ್ನು ನೆನೆದು ಚಿಕ್ಕ ಸೊಸೆಗೆ ನಗು ಉಕ್ಕಿ ಬಂತು. ಅಡುಗೆಮನೆಗೆ ಓಡಿದಳು. ಅತ್ತೆ ಹಿಂದೆಯೇ ಬಂದು, ಡಬ್ಬದಿಂದ ಗಟ್ಟಿ ಬಿಸ್ಕತ್ತೊಂದನ್ನು ತೆಗೆದು ಕಟುಂ ಅಂತ ಕಡಿದರು. ಆ ಸದ್ದಿಗೆ ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು. ಇಷ್ಟಕ್ಕೆ ಮುಗಿಯಿತು, ತಾನು ಗೆದ್ದೆ ಅಂತಲೇ ಚಿಕ್ಕ ಸೊಸೆ ತಿಳಿದಳು.

ಆದರೆ ಸಂಜೆ ಭಾವ ಅಮ್ಮನನ್ನು ಸೋಫಾದ ಮೇಲೆ ಕೂರಿಸಿಕೊಂಡು ಬಾಯಿಪಾಠ ಮಾಡಿಸತೊಡಗಿದ. ಅವನೊಂದು ಸಲ ಹೇಳುವುದು, ಅತ್ತೆ ಒಂದು ಸಲ ಹೇಳುವುದು.

"ನಮ್ಮ ಯಜಮಾನರು ದೇವರಂಥವರು."

"ನಮ್ಮ ಯಜಮಾನರು ದೇವರಂಥವರು."

"ಮನೇಲಿ ಒಂದು ದಿನ ದನಿ ಎತ್ತಿದವರಲ್ಲ."

ಅತ್ತೆ ತಡವರಿಸಿದರು.

"ಹೇಳಮ್ಮ, ದನಿ ಎತ್ತಿದವರಲ್ಲ. ಅವರ ನೆರಳಲ್ಲಿ ನಾನು ರಾಣಿ ಹಾಗೆ ಬಾಳಿದೆ."

ಹೇಳಿದರು. ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. ಪಾತ್ರೆ ತೊಳೆಯುತ್ತ ನಿಂತಿದ್ದ ಚಿಕ್ಕ ಸೊಸೆಗೆ ಆಗ ತಲೆಗೆ ಹೊಡೆದಂತೆ ಹೊಳೆಯಿತು. ಹಲ್ಲಿಲ್ಲದಿದ್ದಾಗ ಅತ್ತೆಯಿಂದ ಈ ಸುಳ್ಳನ್ನು ಹೇಳಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಈ ಸುಳ್ಳಿಗೆ ಹಲ್ಲು ಕಟ್ಟಿಕೊಟ್ಟವಳು ತಾನು. ಕೂದಲೆಳೆಯಷ್ಟು ಸರಿಸಿ, ಮತ್ತೆ ಸರಿಸಿ, ಸಿಳ್ಳೆ ಬಾರದಂತೆ ಮಾಡಿದವಳೂ ತಾನೇ. ತನ್ನ ಕೈಯನ್ನು ತಾನೇ ನೋಡಿಕೊಂಡು ಅವಳಿಗೆ ಹೇಸಿಗೆಯಾಯಿತು. ಸೋಪು ಹಾಕಿ ತೊಳೆದ ಕೈಯನ್ನೇ ಇನ್ನೊಮ್ಮೆ ತೊಳೆದಳು.

ಅತ್ತೆ ಒಳಗೆ ಬಂದು ನೀರು ಕುಡಿದರು. "ಅದನ್ನ ಹೇಳ್ಲೇಬೇಕಾ?" ಅಂತ ಮೆಲ್ಲಗೆ ಕೇಳಿದರು.

ಬೇಡ ಅನ್ನಿ ಅಂದರೆ ಅತ್ತೆಯನ್ನು ಎಲ್ಲಿಡುವುದು, ಗಂಡ ಯಾರ ಕಡೆ ನಿಲ್ಲುತ್ತಾನೆ, ಒಂದೂ ಅವಳಿಗೆ ಗೊತ್ತಿರಲಿಲ್ಲ. "ನಾನು ಮುಂದೇನೇ ಕೂತಿರ್ತೀನಿ ಅತ್ತೆ," ಅಂದಳು. ಅಷ್ಟು ಹೇಳಿದ್ದಕ್ಕೇ ನಾಚಿಕೆಯಾಯಿತು.

ಭಾನುವಾರ ಸಂಘದ ಹಾಲು ತುಂಬಿತ್ತು. ಕುರ್ಚಿಗಳು ಮನೆಯವೇ, ಸ್ಪೀಕರುಗಳು ಮನೆಯವೇ. ಸ್ಟೇಜಿನ ಮೇಲೆ ಮಾವನ ದೊಡ್ಡ ಫೋಟೋ, ಬಾಯಿ ತೆರೆದು ನಗುತ್ತಿರುವುದು. ಹಲ್ಲು ಚೆನ್ನಾಗಿ ಕಾಣಲಿ ಅಂತ ಭಾವನೇ ಆರಿಸಿದ್ದ. ಒಬ್ಬರಾದ ಮೇಲೊಬ್ಬರು ಎದ್ದು ಹೊಗಳಿದರು. ಕೊಡುಗೈ ದಾನಿ ಅಂದರು, ಹಸುವಿನಂಥವರು ಅಂದರು. ಮಾವನ ಕೈಯಿಂದ ಒಮ್ಮೆ ಕಪಾಳಕ್ಕೆ ತಿಂದಿದ್ದ ಹಳೆಯ ಕೆಲಸಗಾರನೂ ಬಂದು, ನನ್ನನ್ನ ತಿದ್ದಿದ ಮಹಾನುಭಾವರು ಅಂತ ಕಣ್ಣೀರಿಟ್ಟ. ಸತ್ತವನ ಮೇಲೆ ಸಕ್ಕರೆ ಸುರಿಯುವುದಕ್ಕೆ ಜನರಿಗೆ ಇಷ್ಟೊಂದು ಖುಷಿಯೇ ಅಂತ ಚಿಕ್ಕ ಸೊಸೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಗಂಡ.

ಕೊನೆಗೆ ಭಾವ ಮೈಕ್ ಹಿಡಿದ. ದನಿ ನಡುಗಿಸಿದ, ನಿಲ್ಲಿಸಿದ, ಮತ್ತೆ ನಡುಗಿಸಿದ. "ಒಂದು ಮಾತು ಹೇಳ್ತೀನಿ, ಮನಸ್ಸು ಗಟ್ಟಿ ಮಾಡ್ಕೊಳ್ಳಿ," ಅಂದ. "ನಮ್ಮಮ್ಮ ಇವತ್ತು ಮಾತಾಡ್ತಿರೋದು ನಮ್ಮಪ್ಪನ ಹಲ್ಲಿಂದ. ಹೌದು! ಅಪ್ಪನ ಹಲ್ಲು ಅಮ್ಮನ ಬಾಯಲ್ಲಿದೆ. ಅವರಿಬ್ಬರೂ ಇನ್ನೂ ಬೇರೆ ಆಗಿಲ್ಲ!"

ಜನ ಮುಖ ಸಿಂಡರಿಸುತ್ತಾರೆ ಅಂದುಕೊಂಡಿದ್ದಳು ಚಿಕ್ಕ ಸೊಸೆ. ಹಾಲು "ಆಹಾ" ಅಂದಿತು. ಹಿಂದಿನಿಂದ ಯಾರೋ ಚಪ್ಪಾಳೆ ಶುರು ಮಾಡಿದರು, ಎಲ್ಲರೂ ಸೇರಿಕೊಂಡರು. ಪಕ್ಕದ ಸಾಲಿನ ಹೆಂಗಸೊಬ್ಬಳು ಮೂಗು ಒರೆಸಿಕೊಂಡು "ಎಂಥಾ ಜೋಡಿ" ಅಂದಳು.

ಅತ್ತೆಯನ್ನು ಕೈ ಹಿಡಿದು ಹತ್ತಿಸಿದರು. ಮೈಕನ್ನು ಅವರ ಎತ್ತರಕ್ಕೆ ಇಳಿಸಿದರು. ಅತ್ತೆ ಫೋಟೋದ ಕಡೆ ಒಂದು ಸಲ ನೋಡಿ ಜನರ ಕಡೆ ತಿರುಗಿದರು.

"ನಮ್ಮ ಯಜಮಾನರು," ಅಂದರು. ನಿಲ್ಲಿಸಿದರು. ಭಾವ ಪಕ್ಕದಿಂದ "ದೇವರಂಥವರು" ಅಂತ ಪಿಸುಗುಟ್ಟಿದ್ದು ಸ್ಪೀಕರಿನಲ್ಲಿ ಕೇಳಿಸಿತು.

"ನಮ್ಮ ಯಜಮಾನರು ನನ್ನ ಹಲ್ಲನ್ನ ಸ್ಪ್ಯಾನರಲ್ಲಿ ಹೊಡೆದು ಉದುರಿಸಿದ್ರು," ಅಂದರು ಅತ್ತೆ. "ನಾನು ಬಚ್ಚಲಲ್ಲಿ ಜಾರಿ ಬಿದ್ದಿರ್ಲಿಲ್ಲ. ಈ ಹಲ್ಲು ಅವರದ್ದಲ್ಲ, ನಂದು."

ಭಾವ ಆಪರೇಟರಿಗೆ ಕೈಸನ್ನೆ ಮಾಡಿದ. ಅತ್ತೆಯ ಮುಂದಿದ್ದ ಮೈಕು ಸತ್ತಿತು. ಅವನು ಇನ್ನೊಂದು ಮೈಕ್ ಎತ್ತಿಕೊಂಡು ನಕ್ಕ, ಮಗು ಏನೋ ಅಂದುಬಿಟ್ಟರೆ ದೊಡ್ಡವರು ನಗುವ ಹಾಗೆ.

"ಅಮ್ಮ ದುಃಖದಲ್ಲಿದ್ದಾರೆ. ಅದೂ ಅಲ್ದೆ ಹಲ್ಲು ಇನ್ನೂ ಸರಿಯಾಗಿ ಸೆಟ್ ಆಗಿಲ್ಲ ನೋಡಿ. ಒಂದು ಹೇಳೋಕೆ ಹೋದ್ರೆ ಇನ್ನೊಂದು ಬರ್ತಿದೆ. ದಯವಿಟ್ಟು ಯಾರೂ ತಪ್ಪು ತಿಳ್ಕೋಬೇಡಿ."

ಹಾಲು ನಿಟ್ಟುಸಿರು ಬಿಟ್ಟಿತು. ಹೌದೌದು, ಹೊಸದರಲ್ಲಿ ಹಾಗೇ, ನಮ್ಮಜ್ಜಿಗೂ ಹಾಗೇ ಆಗಿತ್ತು ಅಂತ ಅಲ್ಲಲ್ಲಿ ತಲೆಗಳು ಆಡಿದವು. ಒಬ್ಬಿಬ್ಬರು ನಕ್ಕರು. ಅತ್ತೆ ಹೇಳಿದ್ದು ಪ್ರತಿಯೊಬ್ಬರಿಗೂ ಕೇಳಿಸಿತ್ತು. ಕೇಳಿಸಲಿಲ್ಲ ಅನ್ನುವುದಕ್ಕೆ ಒಂದು ನೆಪ ಬೇಕಾಗಿತ್ತು, ಸಿಕ್ಕಿತು, ಹಸಿದವರಂತೆ ಬಾಚಿಕೊಂಡರು. ಅಷ್ಟು ವರ್ಷ ಮನೆಯಲ್ಲಿ ಕಂಡ ಕೊಳಕೆಲ್ಲ ಒಂದು ತೂಕ, ಅಲ್ಲಿ ಕೂತವರ ಮುಖದ ಮೇಲೆ ಆಗ ಮೂಡಿದ ನೆಮ್ಮದಿಯೇ ಒಂದು ತೂಕ ಅನ್ನಿಸಿತು ಚಿಕ್ಕ ಸೊಸೆಗೆ. ಸ್ಟೇಜಿನ ಮೇಲೆ ಅತ್ತೆ ಒಬ್ಬರೇ ನಿಂತಿದ್ದರು. ಅವರ ಅಂಗೈ ಮೆಲ್ಲಗೆ ಬಾಯಿಯ ಕಡೆ ಏಳುತ್ತಿತ್ತು.

ಅವಳು ಎದ್ದಳು. ಗಂಡ ತೋಳು ಹಿಡಿದು ಜಗ್ಗಿದ. "ಕೂತ್ಕೊಳೇ. ಮನೇಗೆ ಹೋಗಿ ಸೆಟ್ ಮಾಡೋಣ."

"ಕೈ ಬಿಡ್ರೀ," ಅಂದಳು. ಅವನು ಬಿಟ್ಟ.

ಅವಳ ಕೈಯಲ್ಲಿ ಮೈಕ್ ಇರಲಿಲ್ಲ. ಲ್ಯಾಬಿನಲ್ಲಿ ಮೋಟರಿನ ಸದ್ದಿನ ನಡುವೆ ಮಾತಾಡಿ ಅಭ್ಯಾಸವಿದ್ದ ಗಂಟಲು, ಅದೇ ಸಾಕಾಯಿತು.

"ಆ ಹಲ್ಲು ಕಟ್ಟಿದೋಳು ನಾನು," ಅಂದಳು. "ಮಾವನ ಹಲ್ಲು ಕಸದ ಬಕೆಟ್ಟಲ್ಲಿದೆ. ಇದು ಅತ್ತೆ ಬಾಯಿಯ ಅಳತೆಗೆ ಮಾಡಿದ್ದು. ಸರಿಯಾಗಿ ಕೂತಿದೆ. ಒಂದಕ್ಷರಾನೂ ತಪ್ಪಿ ಬಂದಿಲ್ಲ."

ತಲೆಗಳೆಲ್ಲ ಅವಳ ಕಡೆ ತಿರುಗಿದವು. ಭಾವ ಮೈಕಿನಲ್ಲಿ ಏನೋ ಶುರು ಮಾಡಿದ. ಅವಳು ಅವನ ಕಡೆ ನೋಡಲಿಲ್ಲ.

"ಅತ್ತೆ, ಇನ್ನೊಂದ್ಸಲ ಹೇಳಿ," ಅಂದಳು.

ಅತ್ತೆ ಕೈ ಕೆಳಗಿಳಿಸಿದರು. ಮೈಕಿಲ್ಲದೆ, ಬಾಯಿ ತುಂಬ, ಮೊದಲಿನಿಂದ ಹೇಳಿದರು. ಕೊನೆಯ ಸಾಲಿನವರಿಗೂ ಕೇಳಿಸಿತು.